‘ಹೂಂ’ ಅಂದರೆ ಲೈನ್ ಕ್ಲಿಯರ್ ಅಲ್ಲ

ಮಾನ್ಯ ಸಂಪಾದಕರೇ,

ಅಹಮದಾಬಾದಿನಲ್ಲಿ ವಿಮಾನ ಬಿದ್ದು ಇನ್ನೂ ಎರಡು ದಿನ ಆಗಿರಲಿಲ್ಲ. ನಮ್ಮ ನಿವೃತ್ತರ ವಾಟ್ಸಾಪ್ ಗುಂಪಿಗೆ ಪೈಲಟ್‌ನ ‘ಕೊನೆಯ ಮಾತು’ ಬಂತು. ಎಂಜಿನ್‌ಗೆ ಶಕ್ತಿ ಸಾಲುತ್ತಿಲ್ಲ, ವಿಮಾನ ಮೇಲೇಳುತ್ತಿಲ್ಲ, ಮೇಡೇ (ಜೀವಕ್ಕೆ ಅಪಾಯ ಬಂದಾಗ ರೇಡಿಯೊದಲ್ಲಿ ಕೂಗುವ ಪದ) ಅಂತ ಅವರು ಟವರ್‌ಗೆ ಹೇಳಿದರಂತೆ. ಗುಂಪಿನಲ್ಲಿ ಇರುವವರೆಲ್ಲ ಸಿಗ್ನಲ್, ಪಾಯಿಂಟು, ಬ್ಲಾಕು ಅಂತಲೇ ಜೀವನ ಸವೆಸಿದವರು. ಅವಸರ ಮಾಡಬಾರದು ಅನ್ನುವುದು ಚೆನ್ನಾಗಿ ಗೊತ್ತಿರುವವರು. ಆದರೂ ಒಂದು ಗಂಟೆಯೊಳಗೆ ತೀರ್ಪು ಆಗಿಹೋಯಿತು. ಒಬ್ಬರು ಎಂಜಿನ್ ಅಂದರು, ಒಬ್ಬರು ಹಕ್ಕಿ ಅಂದರು, ಇನ್ನೊಬ್ಬರು ಪೈಲಟ್‌ದೇ ತಪ್ಪು ಅಂದರು. ಅದೇ ‘ಕೊನೆಯ ಮಾತು’ ಟಿವಿಯಲ್ಲೂ ಬಂತು, ಪತ್ರಿಕೆಗಳಲ್ಲೂ ಬಂತು. ನಿಮ್ಮ ಪತ್ರಿಕೆಯಲ್ಲೂ ದಪ್ಪ ಅಕ್ಷರದಲ್ಲಿ ಓದಿದೆ. ಅವತ್ತಿನಿಂದ ಈ ಪತ್ರ ಬರೆಯಬೇಕು ಅಂದುಕೊಂಡು ಇವತ್ತು ಕೂತಿದ್ದೇನೆ.

ಒಂದು ತಿಂಗಳ ಮೇಲೆ, 2025ರ ಜುಲೈ 12ರಂದು, ವಿಮಾನ ಅಪಘಾತ ತನಿಖಾ ಬ್ಯೂರೊದ ಪ್ರಾಥಮಿಕ ವರದಿ ಹೊರಗೆ ಬಂತು. ಹದಿನೈದು ಪುಟ. ಅದರಲ್ಲಿ ವಿಮಾನ ನೆಲ ಬಿಟ್ಟ ಮೇಲೆ ಪೈಲಟ್ ಆಡಿದ ರೇಡಿಯೊ ಮಾತು ಅಂತ ಇರುವುದು ಮೂರು ಸಲ ‘ಮೇಡೇ’. ಅಷ್ಟೇ. ಮಧ್ಯಾಹ್ನ 1 ಗಂಟೆ 39 ನಿಮಿಷ 5 ಸೆಕೆಂಡಿಗೆ. ಟವರ್‌ನಲ್ಲಿ ಕೂತು ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ತಕ್ಷಣ ಯಾವ ವಿಮಾನ ಅಂತ ಕೇಳಿದರು. ಉತ್ತರ ಬರಲಿಲ್ಲ. ವಿಮಾನ ಕಾಂಪೌಂಡಿನ ಆಚೆ ಬೀಳುವುದನ್ನು ಅವರು ಕಣ್ಣಾರೆ ನೋಡಿದರು. 1:39:11ಕ್ಕೆ ವಿಮಾನದ ರೆಕಾರ್ಡಿಂಗ್ ನಿಂತಿತು. ಮೇಡೇ ಅಂದ ಮೇಲೆ ಉಳಿದಿದ್ದು ಆರೇ ಸೆಕೆಂಡು. ಶಕ್ತಿ ಇಲ್ಲ, ಮೇಲೇಳುತ್ತಿಲ್ಲ ಅನ್ನುವ ಮಾತು ವರದಿಯಲ್ಲಿ ಎಲ್ಲೂ ಇಲ್ಲ. ಯಾರೋ ಸೇರಿಸಿದ್ದನ್ನು ನಾವೆಲ್ಲ ಒಬ್ಬರಿಂದ ಒಬ್ಬರಿಗೆ ದಾಟಿಸಿದ್ದೇವೆ. ಸತ್ತವರ ಬಾಯಿಗೆ ನಾವು ಮಾತು ಹಾಕಿದ್ದೇವೆ.

ನಾನು ಯಾಕೆ ಇಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದೇನೆ ಅಂತ ಸ್ವಲ್ಪ ಹೇಳಬೇಕು.

ನಾನು 36 ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಮೀಟರ್ ಗೇಜ್ ಕಾಲದಲ್ಲಿ ಸಕಲೇಶಪುರ ಘಟ್ಟದ ಲೈನಿನಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್, 57 ಸುರಂಗ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು. ಮಳೆಗಾಲದಲ್ಲಿ ಪಕ್ಕದ ಸ್ಟೇಷನ್ನಿನವರ ದನಿ ಬಿಟ್ಟರೆ ಬೇರೆ ಮನುಷ್ಯರ ದನಿ ಕೇಳದ ರಾತ್ರಿಗಳು ಅವು.

2023ರಲ್ಲಿ ಆರು ತಿಂಗಳು ಮಗಳ ಮನೆಗೆ ಹೋಗಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಫಾಸ್ಟರ್ ಸಿಟಿ ಅಂತ ಊರು. ಮನೆಯಿಂದ ಹತ್ತು ನಿಮಿಷ ನಡೆದರೆ ಕೊಲ್ಲಿಯ ದಂಡೆ. ಅಲ್ಲಿ ಒಂದು ಬೆಂಚು. ಅದರ ಮೇಲೆ ಕೂತರೆ ಸ್ಯಾನ್ ಫ್ರಾನ್ಸಿಸ್ಕೊಗೆ ಇಳಿಯುವ ವಿಮಾನಗಳು ನೀರಿನ ಮೇಲೆ ಸಾಲಾಗಿ ಬರುವುದು ಕಾಣುತ್ತದೆ. ಎಷ್ಟೋ ಸಲ ಎರಡು ಒಟ್ಟಿಗೆ, ಜೋಡಿ ಎತ್ತುಗಳ ಹಾಗೆ ಪಕ್ಕಪಕ್ಕದಲ್ಲಿ. ಅಲ್ಲಿ ಎರಡು ರನ್‌ವೇಗಳ ನಡುವಿನ ಅಂತರ ಬರೀ 750 ಅಡಿ. ಮೊದಲ ಸಲ ನೋಡಿದಾಗ ಎದ್ದು ನಿಂತುಬಿಟ್ಟೆ. ಒಂದೇ ಸೆಕ್ಷನ್ನಿನಲ್ಲಿ ಎರಡು ಗಾಡಿ ನೋಡಿದ ಹಾಗಾಯಿತು.

ಹನ್ನೊಂದು ವರ್ಷದ ಮೊಮ್ಮಗ ಪಕ್ಕದಲ್ಲಿದ್ದ. “ತಾತ, ಅವರು ಮಾತಾಡೋದು ಕೇಳ್ತೀಯಾ?” ಅಂತ ಇಯರ್‌ಫೋನಿನ ಒಂದು ತುದಿ ನನ್ನ ಕಿವಿಗೆ ಇಟ್ಟ. ಅಮೆರಿಕದಲ್ಲಿ ಪೈಲಟ್‌ಗಳು ಮತ್ತು ಕಂಟ್ರೋಲರ್‌ಗಳ ಮಾತು ಕೇಳಲು ಕಾನೂನಿನ ಅಡ್ಡಿ ಇಲ್ಲ. ಹವ್ಯಾಸಿಗಳು ತಮ್ಮ ಮನೆಯಲ್ಲಿ ಆಂಟೆನಾ, ರಿಸೀವರ್ ಇಟ್ಟುಕೊಂಡು ಅದನ್ನು ಇಂಟರ್ನೆಟ್‌ಗೆ ಬಿಡುತ್ತಾರೆ. ಯಾರು ಬೇಕಾದರೂ ಫೋನಿನಲ್ಲಿ ಕೇಳಬಹುದು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಹಾಗೆ ಕೇಳುವಂತಿಲ್ಲ. ಇದನ್ನು ಓದಿ ಯಾರೂ ಸುಮ್ನೆ ರೇಡಿಯೊ ತರಿಸಿಕೊಂಡು ತೊಂದರೆಗೆ ಸಿಕ್ಕಿಕೊಳ್ಳಬಾರದು ಅಂತ ಈ ಮಾತು ಹೇಳಿದೆ.

ಮೊದಲ ವಾರ ನನಗೆ ಏನೂ ಅರ್ಥ ಆಗಲಿಲ್ಲ. ಇಂಗ್ಲಿಷೇ, ಆದರೆ ಬೇರೆಯೇ ಇಂಗ್ಲಿಷ್. ಮೂರಕ್ಕೆ ‘ಟ್ರೀ’, ಐದಕ್ಕೆ ‘ಫೈಫ್’, ಒಂಬತ್ತಕ್ಕೆ ‘ನೈನರ್’ ಅನ್ನಬೇಕು ಅಂತ ನಿಯಮವೇ ಇದೆ. ಗರಗರ ಸದ್ದಿನಲ್ಲಿ ಫೈವ್ ಮತ್ತು ನೈನ್ ಒಂದೇ ಥರ ಕೇಳಿಸುತ್ತವೆ, ಅದಕ್ಕೆ. ಬ್ರಿಟಿಷ್ ಏರ್‌ವೇಸ್ ವಿಮಾನಕ್ಕೆ ‘ಸ್ಪೀಡ್‌ಬರ್ಡ್’ ಅಂತ ಕೂಗುತ್ತಾರೆ. ನಮ್ಮ ಇಂಡಿಗೋಗೆ ‘ಐಫ್ಲೈ’ ಅಂತ ಹೆಸರು. ಇದೆಲ್ಲ ಮೊಮ್ಮಗನೇ ಹೇಳಿಕೊಟ್ಟಿದ್ದು.

ಎರಡನೇ ವಾರ ಒಂದು ಸಂಜೆ ಕೇಳುತ್ತಾ ಕೂತಿದ್ದೆವು. ಕಂಟ್ರೋಲರ್ ಒಬ್ಬ ಪೈಲಟ್‌ಗೆ ನಾಲ್ಕು ಸಾವಿರ ಅಡಿಗೆ ಇಳಿ ಅಂದಳು. ಪೈಲಟ್ ತಿರುಗಿ ಹೇಳುವಾಗ ಮೂರು ಸಾವಿರ ಅಂದ. ಅವಳು ಉಸಿರು ತೆಗೆದುಕೊಳ್ಳುವಷ್ಟೂ ತಡ ಮಾಡಲಿಲ್ಲ. “ನೆಗೆಟಿವ್, ನಾಲ್ಕು ಸಾವಿರ” ಅಂದಳು. ಅವನು “ನಾಲ್ಕು ಸಾವಿರ” ಅಂದ, ಜೊತೆಗೆ ತನ್ನ ವಿಮಾನದ ನಂಬರ್ ಹೇಳಿದ. ಅಷ್ಟೇ. ಬೈಗುಳ ಇಲ್ಲ, ಸಬೂಬು ಇಲ್ಲ, ಕ್ಷಮೆಯೂ ಇಲ್ಲ. ಮುಂದಿನ ವಿಮಾನದ ಕೆಲಸ ಶುರುವಾಯಿತು. ಮೊಮ್ಮಗನಿಗೆ ಅದರಲ್ಲಿ ವಿಶೇಷ ಏನೂ ಕಾಣಲಿಲ್ಲ. ನನಗೆ ಮೈ ಜುಮ್ಮೆಂದಿತು. ಇದು ನಮ್ಮ ಪ್ರೈವೇಟ್ ನಂಬರ್ ಅಲ್ವಾ!

ರೈಲ್ವೆಯಲ್ಲಿ ಇಲ್ಲದವರಿಗೆ ಇದು ಗೊತ್ತಿರುವುದಿಲ್ಲ. ಪ್ರತಿ ಸ್ಟೇಷನ್ ಮಾಸ್ಟರ್ ಹತ್ತಿರ ಅಚ್ಚು ಹಾಕಿದ ಒಂದು ಹಾಳೆ ಇರುತ್ತದೆ. ಅದರಲ್ಲಿ ಎರಡಂಕಿಯ ನಂಬರ್‌ಗಳು, ಯಾವ ಕ್ರಮವೂ ಇಲ್ಲದೆ. ಪಕ್ಕದ ಸ್ಟೇಷನ್ನಿನವರು ಗಾಡಿ ಬಿಡಲು ಕೇಳಿದಾಗ, ನಮ್ಮ ಕಡೆ ಲೈನ್ ಖಾಲಿ ಇದ್ದರೆ ಮಾತ್ರ ಹಾಳೆಯ ಮುಂದಿನ ನಂಬರ್ ಕೊಡಬೇಕು. ಅವರು ಅದನ್ನು ತಿರುಗಿ ಹೇಳಿ ರಿಜಿಸ್ಟರ್‌ನಲ್ಲಿ ಬರೆದುಕೊಳ್ಳಬೇಕು. ನಾವು ಆ ನಂಬರ್ ಮೇಲೆ ಗೆರೆ ಎಳೆಯಬೇಕು. ಬಾಯಿಮಾತಿನಲ್ಲಿ ಏನೇ ಹೇಳಿರಲಿ, ನಂಬರ್ ಬರದೆ ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡುವ ಅನುಮತಿ, ಇಲ್ಲ.

ಒಂದು ರಾತ್ರಿಯ ಸಂಗತಿ ಹೇಳುತ್ತೇನೆ. ಸ್ಟೇಷನ್ನಿನ ಹೆಸರು ಬೇಡ. ಜುಲೈ ತಿಂಗಳು, ತಗಡಿನ ಮೇಲೆ ಮಳೆ ಹೇಗೆ ಸುರಿಯುತ್ತಿತ್ತು ಅಂದರೆ ಫೋನಿನ ರಿಸೀವರನ್ನು ಕಿವಿಗೆ ಒತ್ತಿ, ಇನ್ನೊಂದು ಕಿವಿಗೆ ಟವೆಲ್ ಹಿಡಿದುಕೊಂಡಿದ್ದೆ. ನನ್ನ ಕಡೆಯ ಲೈನಿನಲ್ಲಿ ಟ್ರಾಲಿ ಒಂದು ಗ್ಯಾಂಗ್‌ಮನ್‌ಗಳ ಸಮೇತ ಇತ್ತು. ಗುಡ್ಡ ಜರಿದಿದೆಯಾ ಅಂತ ನೋಡಲು ಹೋದವರು, ಇನ್ನೂ ವಾಪಸ್ ಬಂದಿರಲಿಲ್ಲ. ಪಕ್ಕದ ಸ್ಟೇಷನ್ನಿನವರು ಗೂಡ್ಸ್ ಬಿಡಲಾ ಅಂತ ಕೇಳಿದರು. “ಹೂಂ, ತಡೀರಿ, ಟ್ರಾಲಿ ಬರಲಿ” ಅಂದೆ. ‘ಹೂಂ’ ಅಂದಿದ್ದು ಸುಮ್ನೆ, ಕೇಳಿಸಿತು ಅನ್ನುವ ಅರ್ಥದಲ್ಲಿ. ಆದರೆ ಲೈನ್ ಕರಕರ ಅಂದು, ಆ ಕಡೆ ಕೇಳಿಸಿದ್ದು ‘ಹೂಂ’ ಮಾತ್ರ.

ಒಂದು ನಿಮಿಷಕ್ಕೆ ಫೋನ್ ಮತ್ತೆ ಹೊಡೆಯಿತು. “ಹೂಂ ಅಂದ್ರಿ ಸರಿ, ನಂಬರ್ ಎಲ್ಲಿ ಸ್ವಾಮಿ?” ಅಂತ ಅವರು ಕೇಳಿದರು. ಆಗ ನನಗೆ ಗೊತ್ತಾಯಿತು ಅವರು ಏನು ಅಂದುಕೊಂಡಿದ್ದಾರೆ ಅಂತ. ಟ್ರಾಲಿಯ ಮೇಲೆ ನಾಲ್ಕು ಜನ ಇದ್ದರು. ಅವರು ಇಪ್ಪತ್ತು ನಿಮಿಷ ಬಿಟ್ಟು ಗೊರಬು ಹಾಕಿಕೊಂಡು ಒದ್ದೆಯಾಗಿ ಒಳಗೆ ಬಂದರು, ಟೀ ಕುಡಿದರು. ನಾನು ಅವರ ಮುಖ ನೋಡುತ್ತಾ ಕೂತೆ. ಆ ದಿನದಿಂದ ಡ್ಯೂಟಿ ಫೋನಿನಲ್ಲಿ ನಾನು ‘ಹೂಂ’ ಅನ್ನಲಿಲ್ಲ.

ಟೆನೆರಿಫ್ ದುರಂತದ ಬಗ್ಗೆ ಮೊಮ್ಮಗನ ಜೊತೆ ಓದಿದಾಗ ನನಗೆ ಆ ರಾತ್ರಿ ನೆನಪಾಯಿತು. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಕ್ಯಾನರಿ ದ್ವೀಪಗಳಲ್ಲಿ ಒಂದು ಟೆನೆರಿಫ್. ಪಕ್ಕದ ದ್ವೀಪದ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಈ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ದಟ್ಟ ಮಂಜು. ನೆದರ್‌ಲ್ಯಾಂಡ್ಸ್‌ನ ಕೆಎಲ್‌ಎಂ ಕಂಪನಿಯ ಜಂಬೊ ರನ್‌ವೇ ತುದಿಯಲ್ಲಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ ಜಂಬೊ ಅದೇ ರನ್‌ವೇ ಮೇಲೆ ಎದುರಿನಿಂದ ನಿಧಾನ ಬರುತ್ತಿತ್ತು. ಕೆಎಲ್‌ಎಂನವರು ‘ಈಗ ಟೇಕಾಫ್‌ನಲ್ಲಿದ್ದೇವೆ’ ಅನ್ನುವ ಥರ ಒಂದು ಮಾತು ಹೇಳಿದರು. ಹೊರಟಿದ್ದೇವೆ ಅಂತಲೋ, ಹೊರಡಲು ತಯಾರು ಅಂತಲೋ, ಎರಡೂ ಅರ್ಥ ಬರುವ ಮಾತು. ಟವರ್‌ನವನು ‘ಓಕೆ’ ಅಂದ. ಆಮೇಲೆ ‘ಟೇಕಾಫ್‌ಗೆ ಕಾಯಿರಿ, ನಾನು ಕರೆಯುತ್ತೇನೆ’ ಅಂದ. ಅದೇ ಹೊತ್ತಿಗೆ ಪ್ಯಾನ್ ಆಮ್‌ನವರು ‘ನಾವಿನ್ನೂ ರನ್‌ವೇ ಮೇಲೇ ಇದ್ದೇವೆ’ ಅಂತ ಬಟನ್ ಒತ್ತಿದರು. ಎರಡು ಮಾತು ಒಂದರ ಮೇಲೊಂದು ಬಿದ್ದವು. ಕೆಎಲ್‌ಎಂ ಕಾಕ್‌ಪಿಟ್‌ಗೆ ‘ಓಕೆ’ ಸರಿಯಾಗಿ ಕೇಳಿತು. ಮುಂದಿನ ಮಾತು ಕೀ ಅನ್ನುವ ಸದ್ದಿನಲ್ಲಿ ಹೋಯಿತು. 583 ಜನ ಸತ್ತರು. ಅದೇ ‘ಹೂಂ’, ಅದೇ ‘ತಡೀರಿ’. ನನಗೆ ನಂಬರ್ ಕೇಳುವ ಗೆಳೆಯ ಇದ್ದ. ಅವತ್ತು ಅವರಿಗೆ ಹಾಗೆ ತಡೆಯುವ ಏರ್ಪಾಡು ಇರಲಿಲ್ಲ. ಆ ದುರಂತದ ಮೇಲೆ ‘ಟೇಕಾಫ್’ ಅನ್ನುವ ಪದವನ್ನು ನಿಜವಾದ ಟೇಕಾಫ್ ಅನುಮತಿಗೆ ಮಾತ್ರ ಮೀಸಲಿಟ್ಟರು. ಉಳಿದ ಕಡೆ ‘ಡಿಪಾರ್ಚರ್’ ಅನ್ನಬೇಕು. ಅನುಮತಿಯನ್ನು ಪೂರ್ತಿ ತಿರುಗಿ ಹೇಳಬೇಕು, ‘ಓಕೆ’ ಸಾಲದು.

ವಿಮಾನದ ರೇಡಿಯೊ ನಮ್ಮ ಸಿಂಗಲ್ ಲೈನ್ ಇದ್ದ ಹಾಗೆ. ಒಂದು ಫ್ರೀಕ್ವೆನ್ಸಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು. 2025ರ ಜನವರಿ 29ರ ರಾತ್ರಿ ವಾಷಿಂಗ್ಟನ್‌ನಲ್ಲಿ ಪ್ರಯಾಣಿಕರ ವಿಮಾನಕ್ಕೂ ಸೇನೆಯ ಹೆಲಿಕಾಪ್ಟರ್‌ಗೂ ಡಿಕ್ಕಿಯಾಗಿ 67 ಜನ ಹೋದರು. ವಿಮಾನದ ಹಿಂದಿನಿಂದ ದಾಟು ಅಂತ ಕಂಟ್ರೋಲರ್ ಹೆಲಿಕಾಪ್ಟರ್‌ಗೆ ಹೇಳಿದ್ದರು. ಆ ಮಾತಿನ ನಡುವೆ ಹೆಲಿಕಾಪ್ಟರ್‌ನವರ ಮೈಕ್ ಬಟನ್ 0.8 ಸೆಕೆಂಡ್ ಒತ್ತಿಕೊಂಡಿತ್ತು. ಹಾಗಾಗಿ ‘ಹಿಂದಿನಿಂದ ದಾಟು’ ಅನ್ನುವ ಭಾಗವೇ ಅವರಿಗೆ ಕೇಳಿಸದೆ ಇರಬಹುದು ಅಂತ ಅಲ್ಲಿನ ತನಿಖಾ ಮಂಡಳಿ ಕೆಲವೇ ವಾರಗಳಲ್ಲಿ ಹೇಳಿತು. ವಿಮಾನದವರೂ ಹೆಲಿಕಾಪ್ಟರ್‌ನವರೂ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿದ್ದರು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಲಕ್ಷಾಂತರ ಜನ ಆ ಟವರ್‌ನ ಧ್ವನಿ ಕೇಳಿ, ಹೇಳಿದರೂ ಹೆಲಿಕಾಪ್ಟರ್‌ನವರು ಮಾಡಲಿಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಟವರ್ ಹೇಳಿದ್ದು ನಮಗೆ ಕೇಳಿತು ಅಂದ ಮಾತ್ರಕ್ಕೆ ಅವರಿಗೂ ಕೇಳಿತು ಅಂತ ಆಗುವುದಿಲ್ಲ. ಇದನ್ನು ದಯವಿಟ್ಟು ಓದುಗರು ಗಮನಿಸಬೇಕು.

ಇಂಟರ್ನೆಟ್‌ನಲ್ಲಿ ಸಿಗುವ ಈ ಧ್ವನಿಯಲ್ಲಿ ಇನ್ನೂ ಒಂದು ತೊಡಕು ಇದೆ. ಹವ್ಯಾಸಿಗಳ ಎಷ್ಟೋ ರಿಸೀವರ್‌ಗಳು ನಾಲ್ಕೈದು ಫ್ರೀಕ್ವೆನ್ಸಿಗಳ ನಡುವೆ ತಾವಾಗಿಯೇ ಜಿಗಿಯುತ್ತಿರುತ್ತವೆ. ಒಂದನ್ನು ಕೇಳುವಾಗ ಇನ್ನೊಂದರ ಮಾತು ತಪ್ಪಿಹೋಗುತ್ತದೆ. ಆಮೇಲೆ ಯಾರೋ ಮಧ್ಯದ ಮೌನವನ್ನೆಲ್ಲ ಕತ್ತರಿಸಿ, ಮೂರು ನಿಮಿಷದ್ದನ್ನು ನಲವತ್ತು ಸೆಕೆಂಡಿಗೆ ಇಳಿಸುತ್ತಾರೆ. ಕೇಳುವವರಿಗೆ ಕಂಟ್ರೋಲರ್ ಗಾಬರಿಯಾದ ಹಾಗೆ, ಪೈಲಟ್ ಉತ್ತರವನ್ನೇ ಕೊಡದ ಹಾಗೆ ಅನ್ನಿಸುತ್ತದೆ. ನಾನೇ ಒಂದು ಸಲ ಹೀಗೆ ಮೋಸ ಹೋದೆ. ಪೂರ್ತಿ ರೆಕಾರ್ಡಿಂಗ್ ಕೇಳಿದಾಗ ಆ ಪೈಲಟ್ ಸರಿಯಾಗಿಯೇ ಉತ್ತರ ಕೊಟ್ಟಿದ್ದ.

ಇನ್ನೊಂದು ಗೊಂದಲ ನಮ್ಮಲ್ಲಿ ಜಾಸ್ತಿ. ಟವರ್ ಜೊತೆ ಆಡುವ ರೇಡಿಯೊ ಮಾತು ಬೇರೆ, ಕಾಕ್‌ಪಿಟ್ ಒಳಗೆ ಇಬ್ಬರು ಪೈಲಟ್‌ಗಳು ಆಡುವ ಮಾತು ಬೇರೆ. ಎರಡನೆಯದು ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಇರುತ್ತದೆ. ಅದು ಸಿಗುವುದು ತನಿಖೆಯವರಿಗೆ, ನಮಗಲ್ಲ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ ಉಳಿದವರು ಎಂಟು. ಆ ದಿನ ನಾನು ಡ್ಯೂಟಿಯಲ್ಲಿದ್ದೆ. ಕರಾವಳಿ ಕಡೆಯಿಂದ ಬಂದ ಗಾಡಿಯ ಗಾರ್ಡ್ ಇಳಿದು ನಿಂತು ಒಂದೇ ಮಾತು ಹೇಳಿದ್ದ, “ಗುಡ್ಡದ ಮೇಲಿನ ರನ್‌ವೇ ಸಾರ್, ಅದೇ ಕಾರಣ.” ನಾವೆಲ್ಲ ತಲೆಯಾಡಿಸಿದೆವು. ವರದಿ ಬಂದಾಗ ಬೇರೆಯೇ ಕಥೆ ಇತ್ತು. ಕ್ಯಾಪ್ಟನ್ ಪ್ರಯಾಣದ ಬಹಳ ಹೊತ್ತು ನಿದ್ದೆ ಮಾಡಿದ್ದರು. ವಿಮಾನ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಅಂತ ಜೊತೆಯ ಪೈಲಟ್ ಮೂರು ಸಲ ಹೇಳಿದ್ದರು. 8,000 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಇದು ಟವರ್‌ನ ಟೇಪ್ ಕೇಳಿದರೆ ಗೊತ್ತಾಗುವ ಸಂಗತಿಯಾ? ಕಾಕ್‌ಪಿಟ್ ರೆಕಾರ್ಡರನ್ನು ಹುಡುಕಿ ತೆಗೆದು, ಕೂತು ಕೇಳಿ, ಬರೆದದ್ದರಿಂದ ಗೊತ್ತಾಯಿತು. ಆ ಜೊತೆಯ ಪೈಲಟ್ ಹೇಳಿದ್ದ ಮಾತು ಲೋಕಕ್ಕೆ ತಿಳಿಯಿತು. ವರದಿ ಇಲ್ಲದಿದ್ದರೆ ಅವರೂ ತಪ್ಪಿತಸ್ಥರಾಗಿಯೇ ಉಳಿಯುತ್ತಿದ್ದರು.

ಹೀಗೆ ಹೇಳಿದೆ ಅಂತ ರೇಡಿಯೊ ಕೇಳುವುದೇ ತಪ್ಪು ಅಂತ ನನ್ನ ಮಾತಲ್ಲ. ನನಗೆ ಅದು ದೊಡ್ಡ ಪಾಠಶಾಲೆ. ಸ್ಯಾನ್ ಫ್ರಾನ್ಸಿಸ್ಕೊದ್ದೇ ಒಂದು ಘಟನೆ ಇದೆ, ನಾನು ಮೊಮ್ಮಗನ ಜೊತೆ ಹತ್ತು ಸಲ ಕೇಳಿರಬಹುದು. 2017ರ ಜುಲೈ 7, ನಡುರಾತ್ರಿ ಹತ್ತಿರ. ಟೊರಾಂಟೊದಿಂದ ಬಂದ ಏರ್ ಕೆನಡಾ ವಿಮಾನ ಇಳಿಯುತ್ತಿತ್ತು. ಎಡಗಡೆ ರನ್‌ವೇ ಅವತ್ತು ಮುಚ್ಚಿತ್ತು, ಅದರ ದೀಪ ಆರಿಸಿದ್ದರು. ಬಲಗಡೆ ರನ್‌ವೇಯನ್ನೇ ಎಡಗಡೆಯದು ಅಂದುಕೊಂಡ ಪೈಲಟ್‌ಗಳು, ಅದರ ಬಲಕ್ಕಿದ್ದ ಟ್ಯಾಕ್ಸಿವೇಯನ್ನು, ಅಂದರೆ ವಿಮಾನಗಳು ರನ್‌ವೇ ಕಡೆ ನಿಧಾನ ಸಾಗುವ ದಾರಿಯನ್ನು, ತಾವು ಇಳಿಯಬೇಕಾದ ರನ್‌ವೇ ಅಂದುಕೊಂಡರು. ಅಲ್ಲಿ ನಾಲ್ಕು ವಿಮಾನ ತುಂಬಿದ ಜನರ ಸಮೇತ ಸಾಲಾಗಿ ನಿಂತಿದ್ದವು. ಪೈಲಟ್‌ಗೆ ಏನೋ ಅನುಮಾನ ಬಂತು. ರನ್‌ವೇ ಮೇಲೆ ದೀಪ ಕಾಣುತ್ತಿದೆ, ಇಳಿಯಬಹುದು ತಾನೇ ಅಂತ ಟವರ್‌ನವರನ್ನು ಕೇಳಿದರು. ರನ್‌ವೇ ಮೇಲೆ ಯಾರೂ ಇಲ್ಲ, ನೀವೇ, ಇಳಿಯಿರಿ ಅಂತ ಉತ್ತರ ಬಂತು. ಆ ಉತ್ತರ ನಿಜವೇ! ರನ್‌ವೇ ಖಾಲಿಯೇ ಇತ್ತು. ಅವರು ಇದ್ದದ್ದು ರನ್‌ವೇ ನೇರಕ್ಕಲ್ಲ.

ಆಗ ಇನ್ನೊಂದು ದನಿ ಬರುತ್ತದೆ. ಸಾಲಿನ ಮೊದಲಲ್ಲಿ ನಿಂತಿದ್ದ ಯುನೈಟೆಡ್ ವಿಮಾನದ ಪೈಲಟ್. ಈತ ಎಲ್ಲಿಗೆ ಹೋಗುತ್ತಿದ್ದಾನೆ, ಟ್ಯಾಕ್ಸಿವೇ ಮೇಲೆ ಬರುತ್ತಿದ್ದಾನೆ ಅಂದ. ಅವನಿಗೆ ಯಾರೂ ಏನೂ ಕೇಳಿರಲಿಲ್ಲ. ಅವನ ಸರದಿಯೂ ಅಲ್ಲ. ಎರಡನೆಯ ವಿಮಾನ ಫಿಲಿಪೈನ್ ಏರ್‌ಲೈನ್ಸ್‌ನದು. ಅದರ ಪೈಲಟ್‌ಗಳು ತಮ್ಮ ದೊಡ್ಡ ದೀಪ ಹೊತ್ತಿಸಿದರು, ಇಲ್ಲಿ ನಾವಿದ್ದೇವೆ ಅಂತ. ಏರ್ ಕೆನಡಾದವರು ತಾವೇ ವಿಮಾನ ಮೇಲೆತ್ತಿದರು, ಟವರ್ ಕೂಡ ಮೇಲೇರಿ ಅಂದಿತು. ನೆಲದಿಂದ ಬರೀ 60 ಅಡಿ ಎತ್ತರಕ್ಕೆ ಬಂದು ಅದು ಮತ್ತೆ ಏರಿತು. ಯಾರಿಗೂ ಏನೂ ಆಗಲಿಲ್ಲ. ಆ ಧ್ವನಿ ಕೇಳುವಾಗೆಲ್ಲ ನನ್ನ ಅಂಗೈ ಬೆವರುತ್ತದೆ. ಅಂದ ಹಾಗೆ, ಆ ವಿಮಾನದ ಕಾಕ್‌ಪಿಟ್ ರೆಕಾರ್ಡರ್ ಎರಡೇ ಗಂಟೆಯದು. ತೆಗೆಯುವಷ್ಟರಲ್ಲಿ ಅದರ ಮೇಲೆ ಬೇರೆ ಮಾತು ತುಂಬಿಹೋಗಿತ್ತು. ಅಂಥ ಕಡೆ ಟವರ್ ಟೇಪ್ ಇದ್ದದ್ದು ಎಷ್ಟು ಉಪಕಾರವಾಯಿತು ನೋಡಿ.

ಮಕ್ಕಳಿಗೆ ಹೇಳಿಕೊಡಬೇಕಾದ್ದು ನನಗೆ ಇದರಲ್ಲಿ ಕಾಣುತ್ತದೆ. ಸರಿ ಕಾಣದಿದ್ದರೆ ಬಾಯಿ ಬಿಟ್ಟು ಹೇಳು, ನಿನ್ನ ಸರದಿ ಅಲ್ಲದಿದ್ದರೂ ಹೇಳು. ನಮ್ಮವರಿಗೆ ಇದು ಕಷ್ಟ. ನಾವು ‘ಪರವಾಗಿಲ್ಲ’, ‘ಅಡ್ಜಸ್ಟ್ ಮಾಡ್ಕೋತೀವಿ’ ಅನ್ನುವ ಜನ. 1990ರ ಜನವರಿ 25ರಂದು ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಏವಿಯಾಂಕಾ ವಿಮಾನದಲ್ಲಿ ಆಗಿದ್ದೂ ಇದೇ. ಒಂದು ಗಂಟೆಗೂ ಹೆಚ್ಚು ಆಕಾಶದಲ್ಲಿ ಸುತ್ತು ಹೊಡೆಸಿದ್ದರು. ಇಂಧನ ಮುಗಿಯುತ್ತಾ ಬಂದಿತ್ತು. ಅವರು ಇಂಧನ ಮುಗಿಯುತ್ತಿದೆ ಅಂದರು, ಮೊದಲು ನಮ್ಮನ್ನು ಬಿಡಿ ಅಂದರು. ‘ಎಮರ್ಜೆನ್ಸಿ’ ಅನ್ನುವ ಒಂದು ಪದ ಹೇಳಲಿಲ್ಲ. ಕೊನೆಗೆ ಕಂಟ್ರೋಲರ್ ಇನ್ನೊಂದು ಸುತ್ತು ಹಾಕಿಸುತ್ತೇನೆ, ನಿಮಗೂ ನಿಮ್ಮ ಇಂಧನಕ್ಕೂ ಆಗಬಹುದಾ ಅಂತ ಕೇಳಿದರು. ಆಗಬಹುದು ಅನ್ನಿಸುತ್ತದೆ, ಬಹಳ ಧನ್ಯವಾದ ಅಂತ ಉತ್ತರ ಕೊಟ್ಟರು. ನಾಲ್ಕೂ ಎಂಜಿನ್ ನಿಂತು ವಿಮಾನ ಬಿತ್ತು, 73 ಜನ ಹೋದರು. ಆ ‘ಧನ್ಯವಾದ’ ನನಗೆ ಎಷ್ಟೋ ದಿನ ನಿದ್ದೆ ಕೊಡಲಿಲ್ಲ.

ಆ ಕಡೆ ಮೈಕ್ ಹಿಡಿದು ಕೂತವರೂ ಮನುಷ್ಯರು. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಹಕ್ಕಿ ಬಡಿದು ಎರಡೂ ಎಂಜಿನ್ ಹೋದ ವಿಮಾನವನ್ನು ಕ್ಯಾಪ್ಟನ್ ಸಲೆನ್‌ಬರ್ಗರ್ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದರು. ಆ ಟೇಪ್ ಕೇಳಿದರೆ ಅವರು ತಮ್ಮ ವಿಮಾನದ ನಂಬರನ್ನೇ ತಪ್ಪಾಗಿ ಹೇಳುತ್ತಾರೆ. 1549 ಅನ್ನುವ ಬದಲು 1539. ಎಲ್ಲರೂ ಉಳಿದದ್ದರಿಂದ ಅದನ್ನು ಯಾರೂ ಎತ್ತಿ ಆಡಲಿಲ್ಲ. ಉಳಿಯದೆ ಹೋಗಿದ್ದರೆ? ಅವರ ಜೊತೆ ಮಾತಾಡುತ್ತಿದ್ದ ಕಂಟ್ರೋಲರ್, ಹಡ್ಸನ್ ಅಂತ ಕೇಳಿದ ಕೂಡಲೆ ಎಲ್ಲರೂ ಸತ್ತರು ಅಂದುಕೊಂಡಿದ್ದೆ ಅಂತ ಮುಂದೆ ಅಮೆರಿಕದ ಸಂಸತ್ ಸಮಿತಿಯ ಮುಂದೆ ಹೇಳಿದರು. ಅಹಮದಾಬಾದಿನ ಟವರ್‌ನಲ್ಲಿ ಕೂತಿದ್ದವರ ವಿಷಯ ಯಾರಾದರೂ ಯೋಚಿಸಿದ್ದೇವಾ? ಅವರಿಗೆ ಅಂಥ ಸಮಾಧಾನದ ಸುದ್ದಿ ಆಮೇಲೆ ಬರಲೇ ಇಲ್ಲ. 260 ಜನ ಹೋದರು.

ಆ ವರದಿಯಲ್ಲಿ ಇನ್ನೊಂದು ಸಾಲು ಇದೆ. ನೆಲ ಬಿಟ್ಟ ಮೂರೇ ಸೆಕೆಂಡಿಗೆ ಎರಡೂ ಎಂಜಿನ್‌ನ ಇಂಧನದ ಸ್ವಿಚ್‌ಗಳು ಒಂದರ ಹಿಂದೆ ಒಂದು ಕಟ್‌ಆಫ್ ಕಡೆ, ಅಂದರೆ ಇಂಧನ ನಿಲ್ಲಿಸುವ ಕಡೆ, ಹೋದವು. ಯಾಕೆ ಹಾಗೆ ಮಾಡಿದೆ ಅಂತ ಒಬ್ಬ ಪೈಲಟ್ ಕೇಳುತ್ತಾರೆ. ನಾನು ಮಾಡಲಿಲ್ಲ ಅಂತ ಇನ್ನೊಬ್ಬರು ಅನ್ನುತ್ತಾರೆ. ಯಾರು ಕೇಳಿದ್ದು, ಯಾರು ಉತ್ತರ ಕೊಟ್ಟಿದ್ದು ಅಂತ ವರದಿ ಹೇಳಿಲ್ಲ. ಬೇಕೆಂದೇ ಹೇಳಿಲ್ಲ ಅಂತ ನಾನು ತಿಳಿದಿದ್ದೇನೆ, ಏಕೆಂದರೆ ಪ್ರಾಥಮಿಕ ವರದಿ ಇರುವುದು ಏನಾಯಿತು ಅಂತ ಹೇಳಲು. ಯಾರು, ಯಾಕೆ ಅನ್ನುವುದಕ್ಕೆ ಸಮಯ ಬೇಕು. ಅದೇ ಸಂಜೆಯೊಳಗೆ ಟಿವಿಯವರು ಒಂದು ಹೆಸರು ಹಿಡಿದುಕೊಂಡಿದ್ದರು. ಆ ಹೆಸರಿನ ಹಿಂದೆ ಒಂದು ಮನೆ ಇದೆ. ಮನೆಯಲ್ಲಿ ಟಿವಿ ನೋಡುವ ವಯಸ್ಸಾದವರು ಇದ್ದಾರೆ. ಒಂದು ದಿನ ನನ್ನ ‘ಹೂಂ’ ಬೇರೆ ಥರ ಮುಗಿದಿದ್ದರೆ ಆ ಮನೆ ನನ್ನದಾಗುತ್ತಿತ್ತು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಇಂಥ ಘಟನೆ ಆದಾಗ ಯಾವುದೋ ಧ್ವನಿಯ ತುಣುಕು ಬಂದರೆ, ಅದು ಎಲ್ಲಿಂದ ಬಂತು, ತನಿಖೆಯವರು ಖಚಿತ ಮಾಡಿದ್ದಾರಾ ಅನ್ನುವುದನ್ನು ಆ ಸುದ್ದಿಯ ಮೊದಲ ಸಾಲಿನಲ್ಲೇ ಬರೆಯಿರಿ. ಖಚಿತ ಇಲ್ಲದಿದ್ದರೆ ‘ಕೊನೆಯ ಮಾತು’ ಅಂತ ತಲೆಬರಹ ಕೊಡಬೇಡಿ. ವರದಿ ಬಂದ ದಿನ, ಮೊದಲು ಅಚ್ಚಾಗಿದ್ದು ತಪ್ಪಾಗಿದ್ದರೆ ಅದೇ ಪುಟದಲ್ಲಿ, ಅದೇ ಗಾತ್ರದಲ್ಲಿ ತಿದ್ದಿ. ಆ ಕಂಟ್ರೋಲರ್ “ನೆಗೆಟಿವ್, ನಾಲ್ಕು ಸಾವಿರ” ಅಂದ ಹಾಗೆ, ಸಬೂಬು ಇಲ್ಲದೆ.

ಇನ್ನೊಂದು ಮಾತು. ಈ ವರದಿಗಳು ಇಂಗ್ಲಿಷಿನಲ್ಲಿ ಬರುತ್ತವೆ. ಮಂಗಳೂರಿನ ವರದಿಯನ್ನು ಎಷ್ಟು ಕನ್ನಡಿಗರು ಓದಿದ್ದಾರೆ? ಅದರಲ್ಲಿ ಸತ್ತವರು ಎಷ್ಟೋ ಜನ ನಮ್ಮ ಕರಾವಳಿಯವರು. ಅಂಥ ವರದಿ ಬಂದಾಗ ಒಂದು ಪೂರ್ತಿ ಪುಟ ಕೊಟ್ಟು ಕನ್ನಡದಲ್ಲಿ ಹಾಕಿ. ಅಹಮದಾಬಾದಿನ ಆ 15 ಪುಟಗಳನ್ನು ನಾನು ಎರಡು ತಿಂಗಳು ಕೂತು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಬರೆದಿದ್ದೇನೆ. ಮೊಮ್ಮಗ ಭಾನುವಾರ ಭಾನುವಾರ ವಿಡಿಯೊ ಕಾಲ್ ಮಾಡಿ ಪದಗಳ ಅರ್ಥ ಹೇಳಿದ. ಕೆಲವಕ್ಕೆ ಕನ್ನಡ ಸಿಗಲಿಲ್ಲ, ಹಾಗೇ ಬಿಟ್ಟು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದೇನೆ. ನಿಮ್ಮ ಕಚೇರಿಯಲ್ಲಿ ಇಂಗ್ಲಿಷ್ ಪ್ರತಿಯ ಜೊತೆ ಹೋಲಿಸಿ ನೋಡುವವರು ಯಾರಾದರೂ ಇದ್ದರೆ ಹೇಳಿ, ಅಂಚೆಯಲ್ಲಿ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸ್ಟೇಷನ್ ಮಾಸ್ಟರ್
ಹಾಸನ